ಮಿಲ್ಲಿನ ನೀರಿನ ಹಸಿರು ರೊಟ್ಟಿ

ವಾಸನೆಗೆ ಮನುಷ್ಯನ ಹೆಸರಿಡುವ ಪದ್ಧತಿ ಬೇರೆ ಊರುಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗಂಗಾವತಿಯಲ್ಲಿ, ಅಕ್ಕಿ ಮಿಲ್ಲಿನ ಹಿಂದಿನ ನಮ್ಮ ಓಣಿಯಲ್ಲಿ ಅದು ಇತ್ತು. ಗಾಳಿ ಮಿಲ್ಲಿನ ಕಡೆಯಿಂದ ಬೀಸಿತೆಂದರೆ ಜನ ಮೂಗಿಗೆ ಸೆರಗೋ ಟವೆಲ್ಲೋ ಒತ್ತಿಕೊಂಡು, "ಹೇಮಪ್ಪ ಬಂದ ನೋಡ್ರಿ" ಎನ್ನುತ್ತಿದ್ದರು. ಹೇಮಪ್ಪ ಎಂದರೆ ನಾನೇ. ನಾನು ಆಗ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರೂ ನನ್ನ ಹೆಸರು ಮಾತ್ರ ಓಣಿಯ ತುಂಬ ತಿರುಗಾಡುತ್ತಿತ್ತು.

ನಾನು ಮಾಡಿದ ಪಾಪ ಇಷ್ಟೇ: ಆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದೆ. ಭತ್ತವನ್ನು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ತೆಗೆಯುವ ಮಿಲ್ಲು ಅದು. ನೆನೆಹಾಕಿದ ನೀರು ಹುಳಿ ಹಿಡಿದು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಓಣಿಯ ಗಟಾರಕ್ಕೆ ಬಿಡುವ ಘನಕಾರ್ಯ ನನ್ನದು. ತೂಬು ತೆಗೆದೆನೆಂದರೆ ಸತ್ತ ಇಲಿ, ಹಳಸಿದ ಗಂಜಿ, ಒದ್ದೆ ಗೋಣಿಚೀಲ ಮೂರೂ ಕೂಡಿ ದಿಬ್ಬಣ ಹೊರಟ ಹಾಗೆ ಆ ನೀರು ಎಲ್ಲರ ಬಾಗಿಲ ಮುಂದೆ ಹಾಯ್ದುಹೋಗುತ್ತಿತ್ತು.

ಎಂಬತ್ತೆರಡನೆಯ ಇಸವಿಯ ಸಂಕ್ರಮಣ ಮುಗಿದ ಹೊಸತರಲ್ಲಿ ಓಣಿಯವರೆಲ್ಲ ಮಿಲ್ಲಿಗೆ ನುಗ್ಗಿದರು. ಮಾಲೀಕರಾದ ವಿರುಪಣ್ಣ ಸಾಹುಕಾರರು ಗಾದಿಯ ಮೇಲೆ ಕೂತು ಎಲ್ಲರ ಬೈಗುಳವನ್ನೂ ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ಎಲೆ ಅಡಿಕೆ ಉಗುಳಿ ಬಂದು ಹೇಳಿದರು:

"ಬ್ಯಾಡಂದ್ರ ಬಿಡ್ರಿ. ನೆಲ್ಲು ಕುದಸೂದು ಬಂದ್ ಮಾಡ್ತೀನಿ. ಹಸಿ ನೆಲ್ಲ ಮಿಲ್ಲಿಗೆ ಹಾಕಿ ಅಕ್ಕಿ ತಗೀತೀನಿ. ಆದ್ರ ಅಂಗಳದಾಗ ನೆಲ್ಲು ಒಣಗಸೂ ಹೆಣ್ಮಕ್ಕಳು ಮತ್ತ ಕೆಲಸಕ್ಕ ಬರೂದು ಬ್ಯಾಡ."

ಗದ್ದಲ ಒಮ್ಮೆಲೇ ನಿಂತುಹೋಯಿತು. ಏಕೆಂದರೆ ಮುಂದೆ ನಿಂತು ಕೂಗುತ್ತಿದ್ದ ಹೆಂಗಸರೇ ಆ ಅಂಗಳದಲ್ಲಿ ದುಡಿಯುವವರು. ನಮ್ಮ ಎದುರು ಮನೆಯ ಹುಸೇನಬೀ ಅವರಲ್ಲಿ ಒಬ್ಬಳು. ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳನ್ನು ಆ ಅಂಗಳದ ಬಿಸಿಲಿನಲ್ಲೇ ಬೆಳೆಸಿದವಳು. ಆಕೆ ಮೂಗಿನ ಮೇಲಿನ ಸೆರಗನ್ನು ಮೆಲ್ಲಗೆ ಕೆಳಗಿಳಿಸಿ, "ವಾಸನಿ ಏನ್ ಅಷ್ಟ ಇಲ್ಲ ಬಿಡ್ರಿ ಸಾವ್ಕಾರ್ರ" ಎಂದಳು. ಆ ಮಾತು ಹೇಳುವಾಗ ಆಕೆಯ ಕಣ್ಣಲ್ಲಿ ನೀರಿತ್ತು. (ವಾಸನೆಗೂ ಇರಬಹುದು.)

"ಯುಗಾದಿ ಮಟ ನೋಡ್ತೀನಿ," ಎಂದರು ಸಾಹುಕಾರರು. "ಅಷ್ಟರಾಗ ಯಾರರೆ ಉಪಾಯ ತಗದ್ರ ಛಲೋ. ಇಲ್ಲಂದ್ರ ಬಂದ್."

ಉಪಾಯ ನನಗೆ ಧಾರವಾಡದಲ್ಲಿ ಸಿಕ್ಕಿತು. ಸಾಹುಕಾರರ ಜೊತೆ ಹೊಸ ಯಂತ್ರ ನೋಡಲೆಂದು ಕೃಷಿ ಪ್ರದರ್ಶನಕ್ಕೆ ಹೋಗಿದ್ದೆ. ಒಂದು ಮೂಲೆಯ ಮಳಿಗೆಯಲ್ಲಿ ಕನ್ನಡಕ ಹಾಕಿದ ಮೇಡಂ ಒಬ್ಬರು ಗಾಜಿನ ಭರಣಿಗಳಲ್ಲಿ ಹಸಿರು ನೀರು ಇಟ್ಟುಕೊಂಡು ಕೂತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಅದು ಎಂದರು. ಮಿಲ್ಲು, ಹಾಲಿನ ಡೈರಿ, ಸಕ್ಕರೆ ಕಾರ್ಖಾನೆ ಇಂಥಲ್ಲಿಂದ ಬರುವ ಹೊಲಸು ನೀರಿನಲ್ಲಿ ಬೆಳೆಯುತ್ತದೆ. ನಮಗೆ ಹೊಲಸು ಅನ್ನಿಸುವುದೆಲ್ಲ ಅದಕ್ಕೆ ಗೊಬ್ಬರ. ಹೊಲಸನ್ನು ತಿಂದು ನೀರಿನ ವಾಸನೆ ತೆಗೆಯುತ್ತದೆ. ಆಮೇಲೆ ಆ ಪಾಚಿಯನ್ನು ಸೋಸಿ ಒಣಗಿಸಿದರೆ ಮಹಾ ಪುಷ್ಟಿಯ ಆಹಾರ. ನಾನು ನಮ್ಮ ಗಟಾರದ ಕಥೆ ಹೇಳಿದೆ. ಮೇಡಂ ಕನಿಕರಪಟ್ಟು ಒಂದು ಬಾಟಲಿ ಹಸಿರು ನೀರು ಕೊಟ್ಟು, ಬೆಳೆಸುವ ಕ್ರಮವನ್ನೂ ಹೇಳಿಕೊಟ್ಟರು. ಬಸ್ಸಿನಲ್ಲಿ ಆ ಬಾಟಲಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದೆ.

ಬೆಳೆಸುವುದಕ್ಕೆ ಬಿಸಿಲು ಬೀಳುವ ಹೌದು, ಎಂದರೆ ನೀರಿನ ತೊಟ್ಟಿ, ಬೇಕಿತ್ತು. ನಮ್ಮ ಹಿತ್ತಲಿನಲ್ಲಿ ಕಲ್ಲಿನ ಹೌದೊಂದು ಇತ್ತು. ಆದರೆ ಅದು ನನ್ನ ಹೆಂಡತಿ ಯಮನೂರಮ್ಮನ ಸಾಮ್ರಾಜ್ಯ. ಆಕೆ ಕುಷ್ಟಗಿ ಕಡೆಯವಳು. ಒಂದು ಕೊಡ ನೀರಿಗೆ ಊರಾಚೆಯ ಬಾವಿಗೆ ನಡೆದು ಬೆಳೆದವಳಿಗೆ ಮನೆಯೊಳಗೇ ತುಂಬಿ ನಿಂತ ಹೌದೆಂದರೆ ಎಷ್ಟು ದೊಡ್ಡದು ಎಂದು ಕಾಲುವೆ ಸೀಮೆಯಲ್ಲಿ ಹುಟ್ಟಿದ ನನಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಸಂಸಾರದಲ್ಲಿ ನನಗೆ ದಕ್ಕದ ಮರ್ಯಾದೆಯೆಲ್ಲ ಅದಕ್ಕೆ ದಕ್ಕಿತ್ತು. (ಆಕೆಯ ಬಾಯಿಂದ ನಾನು 'ಹೌದು' ಎಂಬ ಶಬ್ದ ಕೇಳಿದ್ದೂ ಆ ನೀರಿನ ಹೌದಿನ ವಿಷಯದಲ್ಲಿ ಮಾತ್ರ. ನನ್ನ ಮಾತಿಗೆ ಎಂದೂ ಇಲ್ಲ.)

"ಏನ್ ಅಂದ್ರಿ? ಮಿಲ್ಲಿನ ನೀರು? ನನ್ನ ಹೌದಿನ್ಯಾಗ?"

"ವಿಜ್ಞಾನ ಐತಿ ಅದರಾಗ."

"ವಿಜ್ಞಾನ ನಿಮ್ಮ ಸಾವ್ಕಾರನ ಮನಿ ಹೌದಿನ್ಯಾಗ ಹಾಕ್ರಿ. ನಂದು ಮುಟ್ಟಿದ್ರ ಕುಷ್ಟಗಿ ಬಸ್ ಹತ್ತತೀನಿ ನೋಡ್ರಿ!"

"ಏ, ಜರಾ ಕೇಳು. ಈ ಪಾಚಿ ಆ ನೀರಿನ ವಾಸನಿ ತಗೀತೈತಿ."

"ವಾಸನಿ ಗಟಾರದಾಗ ಇತ್ತು. ಈಗ ಮನಿಯೊಳಗ ತರ್ತೀನಿ ಅಂತೀರಿ. ಇದು ತಗಿಯೂದೇನ್ರಿ?"

ವಾದದಲ್ಲಿ ನಾನು ಎಂದೂ ಗೆದ್ದವನಲ್ಲ. ಸೋತ ದನಿಯಲ್ಲೇ ಅಂದೆ: "ಯುಗಾದಿಗೆ ಕುದಸೂದು ಬಂದ್ ಆಗ್ತೈತಿ. ಆಮ್ಯಾಲೆ ಹುಸೇನಬೀ ಎಲ್ಲಿ ಹೋಗ್ತಾಳ?"

ಯಮನೂರಮ್ಮ ಎದುರು ಮನೆಯ ಕಡೆ ಒಮ್ಮೆ ನೋಡಿದಳು. ಹುಸೇನಬೀಯ ಕಿರಿ ಮಗಳು ಕಟ್ಟೆಯ ಮೇಲೆ ಕೂತು ಅಕ್ಕನ ತಲೆ ಬಾಚುತ್ತಿದ್ದಳು. ಯಮನೂರಮ್ಮ ಸೀದಾ ಹಿತ್ತಲಿಗೆ ಹೋಗಿ, ಹೌದಿನ ನೀರನ್ನೆಲ್ಲ ಕೊಡ, ಹಂಡೆ, ಬೋಗುಣಿ, ಕೊನೆಗೆ ಚಹಾದ ಕೆಟಲಿಗೂ ತುಂಬಿಟ್ಟು, ತಳವನ್ನು ತೆಂಗಿನ ಚಿಪ್ಪಿನಿಂದ ಕೆರೆದು ತೊಳೆದಳು. ನಾನು ಸಹಾಯಕ್ಕೆ ಹೋದರೆ, "ದೂರ ನಿಂದರ್ರಿ" ಎಂದಳು.

ಮರುದಿನ ತಳ್ಳುಗಾಡಿಯಲ್ಲಿ ಡಬ್ಬಗಳನ್ನಿಟ್ಟು ಮಿಲ್ಲಿನ ನೀರು ತಂದು ಸುರಿದೆ. ಅರ್ಧದಷ್ಟು ಒಳ್ಳೆಯ ನೀರು ಬೆರೆಸಿದೆ. ಮೇಡಂ ಹೇಳಿದಂತೆ ಅಡುಗೆ ಸೋಡಾ ಕದಡಿದೆ. ಬಾಟಲಿಯ ಹಸಿರನ್ನು ಭಕ್ತಿಯಿಂದ ಅರ್ಪಿಸಿದೆ. ಮುಂದಿನ ಕೆಲವು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಸಂಸಾರ ಎನ್ನುವಂತಿಲ್ಲ. ಯಮನೂರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆಯೊಳಗಿಂದ ಬರುವ ಬೈಗುಳ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ ಎಂಬುದೊಂದೇ ನನ್ನ ಪಾಲಿನ ಸುಖ. ಕೋಳಿಗಳು ಕೂಡ ನಮ್ಮ ಹಿತ್ತಲು ಬಿಟ್ಟು ಹುಸೇನಬೀಯ ಅಂಗಳಕ್ಕೆ ವಲಸೆ ಹೋದವು.

ನಾನು ಮಿಲ್ಲಿಗೆ ಹೋದಾಗ ಆ ನೀರನ್ನು ಕೋಲಿನಿಂದ ಕದಡುತ್ತಿರಬೇಕಿತ್ತು. ಆ ಕೆಲಸ ಯಾರು ಮಾಡುವವರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ಮನೆಗೆ ಬಂದು ನೋಡಿದರೆ ಕೋಲು ಒದ್ದೆಯಾಗಿರುತ್ತಿತ್ತು.

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಹೌದು ಹಸಿರಾಗಿದೆ! ಕಂದು ಬಣ್ಣ ಮಾಯ. ಮರಳಿ ಊರಿನ ಕಡೆ ನಾಟಿ ಮಾಡಿದ ಗದ್ದೆಯನ್ನೇ ಯಾರೋ ಕರಗಿಸಿ ಹೊಯ್ದ ಹಾಗೆ. ಬಗ್ಗಿ ಮೂಸಿದೆ. ಹಸಿ ಹುಲ್ಲಿನ ವಾಸನೆ ಬಂತು. ಹುಸೇನಬೀಯನ್ನು ಕೂಗಿ ಕರೆದೆ. ಆಕೆ ಅಂಜುತ್ತ ಬಂದು ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಅಣ್ಣಾ, ವಾಸನಿ ಹೋಗೈತಿ!" ಎಂದವಳೇ ಯಮನೂರಮ್ಮನನ್ನು ತಬ್ಬಿಕೊಂಡಳು. (ಶ್ರಮ ನನ್ನದು, ಅಪ್ಪುಗೆ ಆಕೆಗೆ. ಇರಲಿ.)

ಹಸಿರು ನೀರನ್ನು ನನ್ನ ಧೋತರದಲ್ಲಿ ಸೋಸಿದೆವು. ತಿಳಿನೀರು ಕೆಳಗಿಳಿದು, ಬಟ್ಟೆಯ ಮೇಲೆ ಮದರಂಗಿ ಅರೆದಂಥ ಮುದ್ದೆ ಉಳಿಯಿತು. ಅದನ್ನು ಮಾಳಿಗೆಯ ಮೇಲೆ ಹರಡಿ ಒಣಗಿಸಿದರೆ ಪುಡಿ. ಮಿಲ್ಲಿನಿಂದ ಹೊಸ ನೀರು, ಮತ್ತೆ ಹಸಿರು, ಮತ್ತೆ ಪುಡಿ. ಕೆಲಸ ಸಾಗಿತು.

ಇಷ್ಟಕ್ಕೇ ನಾನು ನಿಂತಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಓಣಿಯ ಜನ, "ಬಣ್ಣ ಬದಲಾದ್ರೇನು, ವಿಷ ವಿಷಾನ" ಎಂದು ಮಾತಾಡತೊಡಗಿದರು. ನನಗೆ ರೋಷ ಬಂತು. ಒಂದು ಮಧ್ಯಾಹ್ನ ಒಲೆಯ ಮುಂದೆ ನಿಂತು ಘೋಷಿಸಿದೆ:

"ಇವತ್ತಿನಿಂದ ಈ ಪಾಚಿ ಪುಡಿ ನನ್ನ ರೊಟ್ಟಿಯಾಗ ಹಾಕು. ನಾ ತಿಂದು ತೋರಸ್ತೀನಿ. ಲೋಕಕಲ್ಯಾಣಕ್ಕಾಗಿ ಈ ದೇಹ!"

ಯಮನೂರಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತು ನನ್ನನ್ನೇ ನೋಡಿದಳು. "ಗಟಾರದಾಗಿಂದು ತಿಂತೀರಾ? ರೀ, ನಾ ಇನ್ನೂ ಭಾಳ ವರ್ಷ ಕುಂಕುಮ ಹಚ್ಚಿಕೋಬೇಕಂತ ಮಾಡೀನಿ."

"ಮಹಾ ಪುಷ್ಟಿ ಐತಿ ಅಂತ ಮೇಡಂ ಹೇಳ್ಯಾರ."

"ಮೇಡಂ ತಿಂತಾರೇನು?"

"ಅದೆಲ್ಲಾ ನಿನಗ ತಿಳಿಯಾಂಗಿಲ್ಲ. ಹಾಕಂದ್ರ ಹಾಕು!"

ಮದುವೆಯಾದಾಗಿನಿಂದ ನಾನು ಆಕೆಗೆ ಏರಿದ ದನಿಯಲ್ಲಿ ಹೇಳಿದ್ದು ಅದೊಂದೇ ಮಾತು. ಆಶ್ಚರ್ಯವೆಂದರೆ ಆಕೆ ಒಪ್ಪಿಕೊಂಡಳು. "ಆತ್ರಿ. ಹಾಕ್ತೀನಿ" ಎಂದಳು. ಗಂಡಸುತನದ ಪ್ರಭಾವ ಎಂದುಕೊಂಡೆ.

ಮರುದಿನದಿಂದ ನನ್ನ ತಾಟಿನಲ್ಲಿ ಹಸಿರು ರೊಟ್ಟಿ. ಸ್ವಲ್ಪ ಕಹಿ, ಆದರೆ ಘಮಘಮ. ಬದನೆಕಾಯಿ ಪಲ್ಯದ ಜೊತೆ ಬಹಳ ರುಚಿ. ಕೆಲವೇ ದಿನಗಳಲ್ಲಿ ಮೈಯಲ್ಲಿ ಹೊಸ ಕಸುವು ಓಡಾಡಿದಂತಾಯಿತು. ಮಿಲ್ಲಿನಲ್ಲಿ ಹಮಾಲರನ್ನು ಸರಿಸಿ ನಾನೇ ಭತ್ತದ ಚೀಲಕ್ಕೆ ಹೆಗಲು ಕೊಟ್ಟೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಕನ್ನಡಿಯ ಮುಂದೆ ನಿಂತು ತೋಳು ಮಡಚಿ, ಎದ್ದ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನನ್ನ ಉಪನ್ಯಾಸ ನಡೆಯದ ದಿನವೇ ಇರಲಿಲ್ಲ. ಒಮ್ಮೆ ಹುಸೇನಬೀಗೂ ಒಂದು ತುಣುಕು ಬಲವಂತವಾಗಿ ತಿನ್ನಿಸಿದೆ.

"ಛಲೋ ಐತಣ್ಣ. ಮೆಂತೆಪಲ್ಲೆ ತಿಂದಂಗ ಆಗ್ತೈತಿ," ಎಂದಳು.

ಪಾಪ, ಓದು ಬರಹ ಇಲ್ಲದವಳು ಎಂದು ನಾನು ದೊಡ್ಡ ಮನಸ್ಸಿನಿಂದ ನಕ್ಕೆ. ಯಮನೂರಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಒಳಗೆ ಹೋದಳು.

ಯುಗಾದಿ ಹತ್ತಿರ ಬಂತು. ನನ್ನ ಕೋರಿಕೆಯ ಮೇರೆಗೆ ಧಾರವಾಡದ ಮೇಡಂ ಬಂದರು. ಸಾಹುಕಾರರೂ ಬಂದರು. ಹಿತ್ತಲಿನ ಗೋಡೆಯ ಆಚೆ ಮಿಲ್ಲಿನ ಅಂಗಳದ ಹೆಂಗಸರೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಂತಿದ್ದರು. ಮೇಡಂ ಹೌದನ್ನು ನೋಡಿ ಸಂತೋಷಪಟ್ಟು, ಒಣಹಾಕಿದ ಪುಡಿ ನೋಡಲು ಏಣಿ ಹತ್ತಿ ಮಾಳಿಗೆಗೆ ಹೋದರು.

ಸಾಹುಕಾರರು ಹೌದಿನ ದಂಡೆಯಲ್ಲಿ ಕೈಕಟ್ಟಿ ನಿಂತರು. "ಹೇಮಪ್ಪ, ಇಂಥಾ ದೊಡ್ಡ ಹೊಂಡ ಮಿಲ್ಲಿನ ಹಿಂದ ತೋಡಸಬೇಕಂದ್ರ ಹುಡುಗಾಟ ಅಲ್ಲ. ನಾಳೆ ಇದರಾಗಿಂದು ಬಾಯಿಗೆ ಬಿದ್ದು ಯಾರಿಗಾರ ಏನಾರ ಆದ್ರ ನನ್ನ ಕೊರಳಿಗೆ ಬರ್ತೈತಿ."

"ಏನೂ ಆಗಾಂಗಿಲ್ರಿ ಸಾವ್ಕಾರ್ರ. ನಾನ ತಿಂತೀನ್ರಿ, ದಿನಾ! ನನ್ನ ತೋಳ ಮುಟ್ಟಿ ನೋಡ್ರಿ."

ಸಾಹುಕಾರರು ತೋಳು ಮುಟ್ಟಲಿಲ್ಲ. "ಹಂಗಾದ್ರ ನನ್ನ ಕಣ್ಣ ಮುಂದ ತಿನ್ನು. ರೊಟ್ಟಿಯಾಗ ಅಲ್ಲ. ಈ ನೀರ್ನ ಸೋಸಿ, ಆ ಮುದ್ದಿ ತಿನ್ನು. ನೀ ನುಂಗಿದ್ರ ನಾ ಹೊಂಡ ತೋಡಸ್ತೀನಿ. ಕುದಸೂದೂ ನಡೀತೈತಿ."

"ಇಷ್ಟಕೇನ್ರಿ!" ಎಂದು ನಾನು ಅಂಗಿಯ ತೋಳು ಮೇಲಕ್ಕೇರಿಸಿದೆ. ಅಷ್ಟರಲ್ಲಿ ಒಳಗಿನಿಂದ, "ರೀ, ಜರಾ ಒಳಗ ಬರ್ರಿ" ಎಂಬ ದನಿ ಬಂತು.

ಅಡುಗೆಮನೆಯಲ್ಲಿ ಯಮನೂರಮ್ಮ ಕಂಬಕ್ಕೆ ಆತು ನಿಂತಿದ್ದಳು. "ತಿನ್ನಬ್ಯಾಡ್ರಿ. ನಿಮಗ ಅದು ರೂಢಿ ಇಲ್ಲ."

"ರೂಢಿ ಇಲ್ಲ ಅಂದ್ರ? ದಿನಾ ಎರಡ ರೊಟ್ಟಿ ತಿಂತೀನಿ!"

"ಅದು ಮೆಂತೆಪಲ್ಲೆ ರೀ."

"ಏನು?"

"ಮೆಂತೆಪಲ್ಲೆ ಸಣ್ಣಗ ಹೆಚ್ಚಿ, ಅರದು ಹಾಕ್ತಿದ್ದೆ. ಸಂತ್ಯಾಗ ಮೆಂತೆ ಸಿಗದಿದ್ರ ರಾಜಗಿರಿ. ಆ ಗಟಾರದ ಪುಡಿ ನಿಮ್ಮ ಹೊಟ್ಟಿಗೆ ಹಾಕಾಕ ನನ್ನ ಕೈ ಏಳಲಿಲ್ಲ."

"ಮತ್ತ ಪುಡಿ ಎಲ್ಲಿ ಹೋತು?"

"ತೌಡಿನ್ಯಾಗ ಕಲಸಿ ಕೋಳಿಗೆ ಹಾಕೀನಿ. ನಮ್ವು, ಹುಸೇನಬೀವು."

ಚೀಲ ಹೊತ್ತದ್ದು, ಮೆಟ್ಟಿಲು ಹತ್ತಿದ್ದು, ಚಹಾದಂಗಡಿಯ ಉಪನ್ಯಾಸಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ತೋಳನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡೆ. ಗಂಟು ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಬೇಕಂತ ಬರ್ತಿದ್ದೆ. ನೀವು ಕನ್ನಡಿ ಮುಂದ ನಿಂತಿರ್ತಿದ್ರಿ. ಅಷ್ಟು ಖುಷಿಲೇ ಇದ್ರಿ…" ಆಕೆ ಬಾಗಿಲ ಕಡೆ ತಿರುಗಿದಳು. "ಸಾವ್ಕಾರ್ಗೆ ನಾ ಹೇಳ್ತೀನಿ ನಡೀರಿ. ಹೊಂಡ ಹೋದ್ರ ಹೋಗ್ಲಿ. ನೀವು ತಿನ್ನಬ್ಯಾಡ್ರಿ."

ಕಿಟಕಿಯಿಂದ ಹಿತ್ತಲಿನ ಗೋಡೆ ಕಾಣುತ್ತಿತ್ತು. ಹೆಂಗಸರ ಸಾಲಿನಲ್ಲಿ ಹುಸೇನಬೀ ಗೋಡೆಯ ಮೇಲೆ ಎರಡೂ ಕೈ ಊರಿ, ನಾನು ಹೊರಬರುವ ಬಾಗಿಲನ್ನೇ ನೋಡುತ್ತಿದ್ದಳು. ಆಕೆಯ ಕೈಗಳು ಬಿಸಿಲಿಗೆ ಸುಟ್ಟು, ಭತ್ತದ ಹೊಟ್ಟು ಅಂಟಿಕೊಂಡು ಒರಟಾಗಿದ್ದವು. ನಾನು ಹೊರಗೆ ನಡೆದೆ.

ಸಾಹುಕಾರರೇ ನಿಂತು ಧೋತರದಲ್ಲಿ ಸೋಸಿಸಿದರು. ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ನನ್ನ ಅಂಗೈಗೆ ಹಾಕಿದರು. ಅದು ತಣ್ಣಗೆ ಜಾರುತ್ತಿತ್ತು. ನಾನು ಹುಲಗಿ ಗುಡಿಯ ತಾಯಿಯನ್ನು ನೆನೆದು ಬಾಯಿಗೆ ಹಾಕಿಕೊಂಡೆ.

ಆ ರುಚಿಯನ್ನು ಹೇಗೆ ಹೇಳಲಿ? ಕೆರೆಯ ತಳದಲ್ಲಿ ಬಹಳ ಕಾಲ ಬಿದ್ದಿದ್ದ ಚಪ್ಪಲಿಯನ್ನು ಯಾರೋ ಅಕ್ಕರೆಯಿಂದ ಅರೆದು ಕೊಟ್ಟಂತಿತ್ತು. ನಾಲಿಗೆ ಅದನ್ನು ಮುಂದೆ ತಳ್ಳಲಿಲ್ಲ, ಗಂಟಲು ಒಳಗೆ ಕರೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ಯಮನೂರಮ್ಮ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಂಬಿಗೆ ಓರೆಯಾಗಿ ನೀರು ಆಕೆಯ ಪಾದದ ಮೇಲೆ ಚೆಲ್ಲುತ್ತಿತ್ತು. ಕಣ್ಣು ಮುಚ್ಚಿ ನುಂಗಿದೆ. ನುಂಗಿ, ಸಾಹುಕಾರರ ಕಡೆ ತಿರುಗಿ ನಕ್ಕೆ. (ಹಲ್ಲುಗಳೆಲ್ಲ ಹಸಿರಾಗಿದ್ದವೆಂದು ಆಮೇಲೆ ಗೊತ್ತಾಯಿತು.)

ಹೆಂಗಸರು ಹೋ ಎಂದು ಕೂಗಿದರು. ಸಾಹುಕಾರರು, "ಭೇಷ್!" ಎಂದು ಬಾಯಿ ತೆರೆಯುವಷ್ಟರಲ್ಲಿ ಮಾಳಿಗೆಯ ಮೇಲಿಂದ ಚೀರಿದ ದನಿ ಕೇಳಿತು.

"ಅಯ್ಯೋ! ಏನ್ ಮಾಡಿದ್ರಿ?" ಮೇಡಂ ಏಣಿಯನ್ನು ಇಳಿದರೋ ಜಾರಿದರೋ ತಿಳಿಯದು. "ತಿನ್ರಿ ಅಂತ ಯಾರು ಹೇಳಿದ್ರು ನಿಮಗ? ಇದು ಕೋಳಿಗೆ, ಮೀನಿಗೆ ಹಾಕೋದು! ಹೊಲಸು ನೀರಾಗ ಬೆಳೆದದ್ದನ್ನ ಮನುಷ್ಯಾರು ಹಂಗ ತಿನ್ನಬಾರದು. ನೀರು ಕುಡೀರಿ, ಮೊದ್ಲು ನೀರು ಕುಡೀರಿ!"

ಸಾಹುಕಾರರ ಮುಖ ಒಮ್ಮೆಲೇ ಗಂಭೀರವಾಯಿತು. "ಅಂದ್ರ ವಿಷ ಏನ್ರಿ ಮೇಡಂ? ಹಂಗಾದ್ರ ಹೊಂಡ ಬ್ಯಾಡ."

"ವಿಷ ಅಲ್ರಿ. ಕೋಳಿಗೆ ಛಲೋ ಆಹಾರ. ಆದ್ರ ಇಲ್ಲಿ ಕೋಳಿಗೆ ತಿನ್ನಿಸಿ ನೋಡಿದವರು ಯಾರದಾರ? ಇವರು ತಾವ ತಿಂದು ಕುಂತಾರ!"

ನನ್ನ ತ್ಯಾಗ ಕಣ್ಣ ಮುಂದೆಯೇ ಮಣ್ಣುಪಾಲಾಗುತ್ತಿತ್ತು. ಆಗ ಯಮನೂರಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಂದ ಮುಂದೆ ಬಂದಳು. ಪರಗಂಡಸರ ಮುಂದೆ ಆಕೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

"ನಾ ತಿನ್ನಿಸೀನ್ರಿ ಮೇಡಂ. ಈ ಓಣಿ ಕೋಳಿ ಎಲ್ಲಾ ಅದನ್ನ ತಿಂದಾವ."

ಹುಸೇನಬೀ ಓಡಿಹೋಗಿ ಉಡಿಯ ತುಂಬ ತತ್ತಿ ತಂದಳು. ಮೇಡಂ ಒಂದನ್ನು ತಾಟಿನಲ್ಲಿ ಒಡೆದರು. ಭಂಡಾರದ ಅರಿಶಿನಕ್ಕಿಂತ ಗಾಢವಾಗಿ, ಮುಳುಗುವ ಸೂರ್ಯನಂತೆ ಕೆಂಪಗಿತ್ತು ಒಳಗಿನ ಹಳದಿ. ಮತ್ತೊಂದು ಒಡೆದರು, ಅದೂ ಹಾಗೆಯೇ. ಮೇಡಂ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೋಳಿಗಳನ್ನು ಹಿಡಿಸಿ ರೆಕ್ಕೆ ಬಿಡಿಸಿ ನೋಡಿದರು. ಎಷ್ಟು ತೌಡಿಗೆ ಎಷ್ಟು ಪುಡಿ, ಯಾವಾಗಿನಿಂದ, ಒಂದಾದರೂ ಸತ್ತಿದೆಯೇ ಎಂದೆಲ್ಲ ಕೇಳಿದರು. ಯಮನೂರಮ್ಮ, "ಒಂದು ಹಿಡಿಗೆ ಒಂದು ಚಿಟಿಕಿ ಹಾಕೀನ್ರಿ, ಒಂದೂ ಸತ್ತಿಲ್ರಿ" ಎಂದು ಉತ್ತರ ಕೊಟ್ಟಳು.

"ಸಾಹುಕಾರ್ರ, ನಿಮ್ಮ ಹೊಂಡಕ್ಕ ಇಂಥವರು ಬೇಕು ನೋಡ್ರಿ," ಎಂದರು ಮೇಡಂ.

"ತೋಡಸ್ತೀನಿ ತಗೀರಿ," ಎಂದರು ಸಾಹುಕಾರರು. ಅಲ್ಲೇ ನಿಂತಿದ್ದ ಹುಸೇನಬೀ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಈ ಸಲ ಗಾಳಿ ಮಿಲ್ಲಿನ ಕಡೆಯಿಂದ ಬೀಸುತ್ತಿರಲಿಲ್ಲ.

ಅಷ್ಟರಲ್ಲಿ ನಾನೆಲ್ಲಿಗೆ ಹೋದೆ ಎಂದು ಯಾರೂ ಕೇಳಲಿಲ್ಲ. ನಾನು ತಂಬಿಗೆ ಹಿಡಿದು ಕಾಲುವೆಯ ಕಡೆಗೆ ಓಡಿದ್ದೆ. ಸಂಜೆಯವರೆಗೂ ಆ ದಾರಿಯಲ್ಲೇ ನನ್ನ ಓಡಾಟ ನಡೆಯಿತು. ಮನೆಗೆ ಬಂದಾಗಲೆಲ್ಲ ಯಮನೂರಮ್ಮ ಮಜ್ಜಿಗೆಗೆ ಮೆಂತೆಕಾಳಿನ ಪುಡಿ ಕದಡಿ ಕೊಟ್ಟಳು. ಬೈಯಲಿಲ್ಲ. ಅಷ್ಟೊಂದು ಮೃದುವಾಗಿ ಆಕೆ ಮಾತಾಡಿದ್ದಕ್ಕೆ, ನಾನು ಉಳಿಯುವುದಿಲ್ಲವೆಂದೇ ನನಗೆ ಗಾಬರಿಯಾಗಿತ್ತು.

"ಹುಚ್ಚರದೀರಿ ನೀವು," ಎಂದಳು ಬೆನ್ನು ನೀವುತ್ತ. "ಗೊತ್ತಿದ್ದೂ ನುಂಗಿದ್ರಲ್ಲ."

ನಾನು ಉತ್ತರ ಕೊಡುವಷ್ಟರಲ್ಲಿ ಮತ್ತೆ ಕಾಲುವೆಯ ಕರೆ ಬಂತು.

ಯುಗಾದಿ ಮುಗಿಯುತ್ತಿದ್ದಂತೆ ಸಾಹುಕಾರರು ಮಿಲ್ಲಿನ ಹಿಂದೆ ಎರಡು ದೊಡ್ಡ ಹೊಂಡ ತೋಡಿಸಿ ಸಿಮೆಂಟಿನ ಗಿಲಾವು ಮಾಡಿಸಿದರು. ಗಟಾರದ ವಾಸನೆ ಪೂರ್ತಿ ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಆದರೆ ಓಣಿಯವರು ಮೂಗು ಬಿಟ್ಟುಕೊಂಡು ಜಗುಲಿಯ ಮೇಲೆ ಕೂತು ಹರಟುವಷ್ಟು ತಗ್ಗಿತು. ಅಂಗಳದ ಹೆಂಗಸರೆಲ್ಲ ಅಂಗಳದಲ್ಲೇ ಉಳಿದರು. ಹೊಂಡಗಳ ಮೇಲ್ವಿಚಾರಣೆಗೆ ಸಾಹುಕಾರರು ಯಮನೂರಮ್ಮನನ್ನೇ ನೇಮಿಸಿದರು. ಕದಡುವುದಕ್ಕೆ ಬಲವಾದ ತೋಳಿನವನೊಬ್ಬ ಬೇಕೆಂದಾಗ, ಊರೆಲ್ಲ ತೋಳು ತೋರಿಸಿಕೊಂಡು ತಿರುಗಿದವನು ನಾನೊಬ್ಬನೇ ಇದ್ದೆ.

ಈಗ ಬೆಳಿಗ್ಗೆ ಮೇಸ್ತ್ರಿ ಕೆಲಸ. ಮಧ್ಯಾಹ್ನದ ಮೇಲೆ ಉದ್ದನೆಯ ಬಿದಿರು ಹಿಡಿದು ಹೊಂಡದ ದಂಡೆಯಲ್ಲಿ ನಿಲ್ಲುತ್ತೇನೆ. ಆಕೆ ಬೇವಿನ ಮರದ ನೆರಳಿನಲ್ಲಿ ಕೂತು, "ಆ ಮೂಲಿ ಬಿಟ್ರಿ ನೋಡ್ರಿ. ತಳದಿಂದ ಕದಡ್ರಿ. ಏನ್ರಿ, ಊಟಾ ಮಾಡಿಲ್ಲೇನು?" ಎನ್ನುತ್ತಾಳೆ. ನಾನು ತಳದಿಂದ ಕದಡುತ್ತೇನೆ. ಹೆಂಡತಿ ಹೇಳಿದ ಹಾಗೆ ಕೇಳುವುದು ನನಗೇನೂ ಹೊಸದಲ್ಲ. ಅದಕ್ಕೆ ಮಿಲ್ಲಿನಲ್ಲಿ ಹಾಜರಿ ಹಾಕಿ ಸಂಬಳ ಕೊಡತೊಡಗಿದ್ದಷ್ಟೇ ಹೊಸದು.